ಮುಖ ನೋಡಿ ಮೊಟ್ಟೆ ಹಾಕಬೇಡಿ

ಮಾನ್ಯ ಪ್ರಾಂಶುಪಾಲರಿಗೆ,

ನಿಮ್ಮ ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ, ಮೆಸ್ಸಿನ ಬಾಗಿಲಿಗೆ ಕಳೆದ ತಿಂಗಳು ಒಂದು ಸೂಚನೆ ಅಂಟಿಸಿದ್ದೀರಿ. ಮೊಟ್ಟೆ, ಶೇಂಗಾ ಚಟ್ನಿ ಉಷ್ಣದ ಪದಾರ್ಥಗಳಾದ್ದರಿಂದ ಮೊಡವೆ ಇರುವ ವಿದ್ಯಾರ್ಥಿನಿಯರಿಗೆ ಬಡಿಸುವುದಿಲ್ಲ ಎಂದು ಅದರಲ್ಲಿದೆ. ಕೆಳಗೆ ನಿಮ್ಮ ಸಹಿ, ಕಾಲೇಜಿನ ಸೀಲು. ನನ್ನ ಅಕ್ಕನ ಮಗಳು ಅಲ್ಲೇ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. “ತಾಟು ಹಿಡಕೊಂಡು ನಿಂತ್ರ ಮೊದಲ ಮಾರಿ ನೋಡ್ತಾರ ಮೌಶಿ, ಆಮ್ಯಾಲ ಬಡಸ್ತಾರ” ಎಂದು ಫೋನಿನಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ.

ನಿಮ್ಮ ಕಾಳಜಿಯ ಬಗ್ಗೆ ಅನುಮಾನವಿಲ್ಲ. ಪಾಲಕರ ಸಭೆಯಲ್ಲಿ ಕೆಲವು ತಾಯಂದಿರೇ ಇದಕ್ಕೆ ಒತ್ತಾಯಿಸಿದರೆಂದೂ ಕೇಳಿದ್ದೇನೆ. ಆದರೆ ಸೀಲು ಬಿದ್ದ ಮಾತನ್ನು ಹುಡುಗಿಯರು ವಿಜ್ಞಾನವೆಂದೇ ನಂಬುತ್ತಾರೆ. ಇಂಥ ಸೂಚನೆ ನಿಮ್ಮೊಬ್ಬರ ಹಾಸ್ಟೆಲಿನಲ್ಲೇ ಇರಲಾರದು ಎಂಬ ಗುಮಾನಿಯೂ ಇರುವುದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ವೈದ್ಯರೇ ಹಾಗೆ ಹೇಳುತ್ತಿದ್ದ ಕಾಲವೊಂದಿತ್ತು. 1969ರಲ್ಲಿ ಅಮೆರಿಕದಲ್ಲಿ 65 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ನಾಲ್ಕು ವಾರ ಚಾಕೊಲೇಟ್ ಬಾರ್, ಇನ್ನು ನಾಲ್ಕು ವಾರ ಚಾಕೊಲೇಟ್ ಇಲ್ಲದ ಅಂಥದೇ ಬಾರ್. ಮೊಡವೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ಆಹಾರದ ಮಾತು ಮುಗಿಯಿತೆಂದು ದಶಕಗಟ್ಟಲೆ ನಂಬಿದರು. ಆ ಎರಡನೇ ಬಾರಿನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು! ಸಕ್ಕರೆಯನ್ನು ಸಕ್ಕರೆಯ ಜೊತೆಗೇ ತೂಗಿದರೆ ತಕ್ಕಡಿ ಯಾವ ಕಡೆ ವಾಲಬೇಕು?

ಮುಂದೆ ಗಾಳಿ ತಿರುಗಿತು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ 1,200 ಜನರನ್ನು ಪರೀಕ್ಷಿಸಿದರೆ ಒಬ್ಬರಿಗೂ ಮೊಡವೆ ಇರಲಿಲ್ಲ ಎಂಬ ವರದಿ 2002ರಲ್ಲಿ ಬಂತು. ಗೆಡ್ಡೆಗೆಣಸು, ಹಣ್ಣು, ತೆಂಗಿನಕಾಯಿ, ಮೀನು ಅವರ ಊಟ. ಅವರ ವಂಶವಾಹಿಯೂ ಬೇರೆ, ಬದುಕೂ ಬೇರೆ, ಹಾಗಾಗಿ ಅದೊಂದನ್ನೇ ಹಿಡಿದು ಕೂರುವಂತಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು 2007ರ ಮೆಲ್ಬರ್ನ್ ಅಧ್ಯಯನ. 15ರಿಂದ 25 ವಯಸ್ಸಿನ 43 ಹುಡುಗರಲ್ಲಿ ಅರ್ಧದಷ್ಟು ಜನ 12 ವಾರ ಮೈದಾ, ಸಕ್ಕರೆ ಇಳಿಸಿ ಕಾಳು, ಇಡಿಧಾನ್ಯ, ಪ್ರೋಟೀನು ಹೆಚ್ಚಿಸಿಕೊಂಡರು. ಅವರಲ್ಲಿ ಸರಾಸರಿ 23ಕ್ಕೂ ಹೆಚ್ಚು ಮೊಡವೆ ಕಡಿಮೆಯಾದವು, ಉಳಿದವರಲ್ಲಿ 12. ಊಟ ಬದಲಿಸಿದವರ ತೂಕವೂ ಸುಮಾರು ಮೂರು ಕಿಲೋ ಇಳಿದಿತ್ತು, ಲಾಭ ಊಟದ್ದೋ ತೂಕದ್ದೋ ಎಂಬ ಪ್ರಶ್ನೆ ಉಳಿಯಿತು.

ಇದರ ಒಳಗುಟ್ಟು ಇಷ್ಟು. ಬೇಗ ಕರಗುವ ಪಿಷ್ಟ, ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗಿದರೆ ಇನ್ಸುಲಿನ್ ಏರುತ್ತದೆ. ಅದರ ಬೆನ್ನಿಗೆ ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್-1 ಎಂಬ ಹಾರ್ಮೋನೂ ಚುರುಕಾಗುತ್ತದೆ. ಎರಡೂ ಸೇರಿ ಹರೆಯದ ಹಾರ್ಮೋನುಗಳಿಗೆ ಕುಮ್ಮಕ್ಕು ಕೊಡುತ್ತವೆ. ಚರ್ಮದ ಗ್ರಂಥಿ ಹೆಚ್ಚು ಜಿಡ್ಡು ಸುರಿಸಿ, ರಂಧ್ರದ ಬಾಯಿ ಕಟ್ಟಿ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಗುಳ್ಳೆ ಕೆಂಪಗೆ ಊದುತ್ತದೆ. ಚಟ್ನಿಯಲ್ಲಿರುವ ಎಣ್ಣೆ ನೇರ ಕೆನ್ನೆಗೆ ಬಂದು ಜಿನುಗುವುದಿಲ್ಲ, ಮೇಡಂ. ಹಾಲಿನ ಮೇಲೂ ಸ್ವಲ್ಪ ಅನುಮಾನವಿದೆ. 2005ರಲ್ಲಿ ಅಮೆರಿಕದ 47,355 ನರ್ಸ್‌ಗಳ ಸಮೀಕ್ಷೆಯಲ್ಲಿ ಹಾಲಿಗೂ ಮೊಡವೆಗೂ ನಂಟು ಕಂಡಿತು, ಅದರಲ್ಲೂ ಕೆನೆ ತೆಗೆದ ಹಾಲಿಗೆ ಹೆಚ್ಚು. ಆದರೆ ಅವರು ಹೈಸ್ಕೂಲಿನಲ್ಲಿ ಏನು ತಿಂದಿದ್ದರೆಂದು ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡು ಹೇಳಿದ್ದು ಅದು. ಅಷ್ಟಕ್ಕೇ ಬೆಳೆಯುವ ಮಕ್ಕಳ ಹಾಲಿನ ಲೋಟ ಕಸಿಯಬಾರದು.

ಈಗ ನಿಮ್ಮ ಮೆಸ್ಸಿಗೆ ಬರೋಣ. ಹುಡುಗಿ ವಾರದ ಮೆನುವಿನ ಫೋಟೊ ಕಳಿಸಿದ್ದಾಳೆ. ಬೆಳಗ್ಗೆ ಬ್ರೆಡ್ಡು-ಜಾಮು ಇಲ್ಲವೆ ಅವಲಕ್ಕಿ, ಜೊತೆಗೆ ಪಾತ್ರೆಯಲ್ಲೇ ಸಕ್ಕರೆ ಸುರಿದು ಕುದಿಸಿದ ಚಹಾ. ಮಧ್ಯಾಹ್ನ ಅನ್ನ, ಬೇಳೆ ಹುಡುಕಬೇಕಾದ ಸಾರು. ಸಂಜೆ ಮತ್ತೆ ಚಹಾ, ನಾಲ್ಕು ಬಿಸ್ಕೀಟು. ಜೋಳದ ನಾಡಿನಲ್ಲಿದ್ದೂ ರೊಟ್ಟಿ ವಾರಕ್ಕೆ ಎರಡೇ ದಿನ. ಈ ಮೆಸ್ಸಿನಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚೇನೂ ಏರಿಸದ ಪದಾರ್ಥಗಳು ಯಾವುವೆಂದು ಹುಡುಕಿದರೆ ಮೊದಲು ಕೈಗೆ ಸಿಗುವುದು ಮೊಟ್ಟೆ ಮತ್ತು ಶೇಂಗಾ. ಸರಿಯಾಗಿ ಅವೆರಡನ್ನೇ ನಿಲ್ಲಿಸಿದ್ದೀರಿ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಅಂಥವರ ತಾಟಿನಿಂದ ಮೊಟ್ಟೆ ತೆಗೆಯಲು ಇನ್ನೂ ಗಟ್ಟಿ ಕಾರಣ ಬೇಕು.

ಇನ್ನೊಂದು ವಿಷಯ ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಸೂಚನೆ ಬಂದ ಮೇಲೆ ಕೋಣೆಯಲ್ಲಿ ಒಂದು ಕ್ರೀಮಿನ ಟ್ಯೂಬು ಕೈಯಿಂದ ಕೈಗೆ ಓಡಾಡುತ್ತಿದೆಯಂತೆ. ಮೊಡವೆ ಹೋದರೆ ಮೊಟ್ಟೆ ಬರುತ್ತದಲ್ಲ. ಅದರ ಫೋಟೊವನ್ನೂ ತರಿಸಿಕೊಂಡೆ. ಪಕ್ಕದಲ್ಲಿ ಕೆಂಪು ಗೆರೆ, ಸಣ್ಣ ಅಕ್ಷರದಲ್ಲಿ ಬೆಟಾಮೆಥಾಸೋನ್. ಅದು ಸ್ಟಿರಾಯ್ಡ್. ಇಂಥ 14 ಸ್ಟಿರಾಯ್ಡ್‌ಗಳ ಮುಲಾಮನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಹಚ್ಚಿದ ಹೊಸದರಲ್ಲಿ ಮುಖ ನುಣುಪಾಗಿ ಹೊಳೆಯುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಕೂದಲೂ ಬೆಳೆಯಬಹುದು. ಬಿಟ್ಟರೆ ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ.

ನಿಮ್ಮ ಕೈಯಲ್ಲಿ ಆಗುವ ಕೆಲಸಗಳಿವೆ. ಸೂಚನೆ ತೆಗೆಸಿ. ಚಹಾಕ್ಕೆ ಸಕ್ಕರೆ ಬೇರೆ ಇಡಿಸಿ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ಸಂಜೆಯ ಬಿಸ್ಕೀಟಿಗೆ ಬದಲು ಹೆಸರುಕಾಳು, ಮಡಿಕೆಕಾಳಿನ ಉಸುಳಿಯೋ ಹುರಿದ ಶೇಂಗಾವೋ ಬರಲಿ, ಅದೂ ಎಲ್ಲರಿಗೂ. ಮುಖ ತಿಳಿಯಾಗುವುದೆಂಬ ಭರವಸೆ ಮಾತ್ರ ಯಾರೂ ಕೊಡಬಾರದು. ಅಪ್ಪ-ಅಮ್ಮನಿಂದ ಬಂದ ಚರ್ಮ, ವಯಸ್ಸಿನ ಹಾರ್ಮೋನು, ಇವುಗಳ ಮುಂದೆ ಊಟದ ಪಾತ್ರ ಚಿಕ್ಕದು. ಕಾಳು ತಿಂದೂ ಮೊಡವೆ ಉಳಿಸಿಕೊಂಡ ಹುಡುಗಿ ಕದ್ದು ಬೇಕರಿಗೆ ಹೋಗುತ್ತಾಳೆಂದು ವಾರ್ಡನ್ ಆಡಿಕೊಳ್ಳುವಂತಾಗಬಾರದು.

ಹೆಚ್ಚು ಮೊಡವೆ ಇರುವವರನ್ನು, ಅದರ ಜೊತೆ ಮುಟ್ಟಿನಲ್ಲಿ ಏರುಪೇರು ಇರುವವರನ್ನಂತೂ ತಪ್ಪದೆ, ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳಿಸಿ. ಅಲ್ಲಿ ಕೊಡುವ ಜೆಲ್ಲುಗಳು ಗುಣ ತೋರಿಸಲು ಎರಡು-ಮೂರು ತಿಂಗಳು ಹಿಡಿಯುತ್ತವೆಂದು ಮೊದಲೇ ಹೇಳಿ ಕಳಿಸಿ. ಇಲ್ಲದಿದ್ದರೆ ಎಂಟೇ ದಿನಕ್ಕೆ ಬೇಸತ್ತು ಅದೇ ಟ್ಯೂಬಿಗೆ ಕೈ ಹಾಕುತ್ತಾರೆ. ಮುಂದಿನ ಮೆಸ್ ಕಮಿಟಿ ಸಭೆಗೆ ಇಬ್ಬರು ಹುಡುಗಿಯರನ್ನೂ ಕೂರಿಸಿಕೊಳ್ಳಿ. ಯಾವುದು ತಾಟಿನಲ್ಲಿ ಉಳಿಯುತ್ತದೆ, ಯಾವುದು ಸಾಲುವುದಿಲ್ಲ ಎಂಬುದನ್ನು ಅವರೇ ಸರಿಯಾಗಿ ಹೇಳುತ್ತಾರೆ.

ಇತಿ,
ನಿಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳ ಮೌಶಿ