ಹಳೆಯ ವಿಮಾನ, ಮಗನ ಕ್ಯಾಮರಾ

ಚನ್ನಪಟ್ಟಣದ ತಾಯಿಯೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮಗ ಎರಡನೇ ಪಿಯುಸಿ ಓದುತ್ತಿದ್ದಾನೆ. ಮಿಗ್-21 ಎಂಬ ಹಳೆಯ ಯುದ್ಧವಿಮಾನವನ್ನು ವಾಯುಪಡೆ ಬೀಳ್ಕೊಟ್ಟದ್ದನ್ನು ಟಿವಿಯಲ್ಲಿ ನೋಡಿದ ದಿನದಿಂದ ಹುಡುಗನಿಗೆ ವಿಮಾನದ ಹುಚ್ಚು. ಹಬ್ಬದ ಈದಿ ಹಣವನ್ನೆಲ್ಲ ಕೂಡಿಟ್ಟು ಹಳೆಯ ಕ್ಯಾಮರಾ ಕೊಂಡಿದ್ದಾನೆ. ಇನ್ನು ನಿವೃತ್ತಿಯಾಗಲಿರುವ ವಿಮಾನಗಳನ್ನೆಲ್ಲ ಅವು ಹೋಗುವ ಮೊದಲೇ ಚಿತ್ರ ತೆಗೆದಿಡಬೇಕಂತೆ. ಅದಕ್ಕಾಗಿ ಯಲಹಂಕಕ್ಕೆ ಹೋಗಿ ವಾಯುನೆಲೆಯ ಗೋಡೆಯ ಪಕ್ಕ ನಿಲ್ಲುತ್ತಾನಂತೆ. “ಗುಜರಿಗೆ ಹೋಗುವ ಕಬ್ಬಿಣದ ಫೋಟೋ ಯಾಕೋ?” ಎಂದು ಅವನ ಅಬ್ಬಾ ಬೈಯುತ್ತಾರೆ. “ಹುಡುಗ ಕೆಟ್ಟ ದಾರಿಯಲ್ಲಿಲ್ಲ, ಆದರೂ ನನಗೆ ಭಯವಾಗುತ್ತದೆ. ಬಿಡಲೇ, ತಡೆಯಲೇ?” ಎಂದು ತಾಯಿ ಕೇಳಿದ್ದಾರೆ.

ಸಹೋದರಿಯರೇ, ಇದರಲ್ಲಿ ಎರಡು ಪ್ರಶ್ನೆಗಳಿವೆ. ತಂದೆ ಕೇಳಿದ್ದು ಒಂದು: ಹಳೆಯದರ ಚಿತ್ರ ತೆಗೆದು ಏನು ಪ್ರಯೋಜನ? ತಾಯಿ ಕೇಳಿದ್ದು ಇನ್ನೊಂದು: ಇದರಲ್ಲಿ ಅಪಾಯವಿದೆಯೇ? ಎರಡಕ್ಕೂ ಬೇರೆ ಬೇರೆಯಾಗಿ ಉತ್ತರ ಹುಡುಕೋಣ.

ಮೊದಲು ತಂದೆಯ ಮಾತು. ವಿಮಾನದಲ್ಲಿ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಹೆಚ್ಚು, ಅದು ಹಾಗಿರಲಿ. ವಿಮಾನಕ್ಕೆ ವಯಸ್ಸಾಗುವುದು ಹೇಗೆ ಎಂಬುದನ್ನು ನಾವು ಅಡುಗೆಮನೆಯಲ್ಲೇ ನೋಡಬಹುದು. ಒಂದು ತೆಳು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿ ನೋಡಿ. ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ತುಂಡಾಗುತ್ತದೆ. ಪ್ರತಿ ಹಾರಾಟದಲ್ಲೂ ವಿಮಾನದ ರೆಕ್ಕೆ ಹಾಗೆಯೇ ಸ್ವಲ್ಪ ಬಾಗುತ್ತದೆ, ಮತ್ತೆ ನೇರವಾಗುತ್ತದೆ. ಹೀಗೆ ಲೋಹ ದಣಿಯುತ್ತದೆ. ಅದಕ್ಕಾಗಿಯೇ ಪ್ರತಿಯೊಂದು ವಿಮಾನ ಎಷ್ಟು ಗಂಟೆ ಹಾರಿತು ಎಂಬ ಲೆಕ್ಕ ಇಡುತ್ತಾರೆ. ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಗಳೂ ಕಾಲಕ್ರಮೇಣ ನಿಂತುಹೋಗುತ್ತವೆ. ಆಗ ಎಷ್ಟೇ ಪ್ರೀತಿಯ ವಿಮಾನವಾದರೂ ಕೆಳಗಿಳಿಯಲೇಬೇಕು.

ಮಿಗ್-21 ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ, ಚಂಡೀಗಢದಲ್ಲಿ. ಅದೇ ಚಂಡೀಗಢದಲ್ಲಿ 2025ರ ಸೆಪ್ಟೆಂಬರ್ 26ರಂದು ಅದನ್ನು ಬೀಳ್ಕೊಟ್ಟರು. 62 ವರ್ಷ! ಅಜ್ಜ ಕಂಡ ವಿಮಾನವನ್ನು ಮೊಮ್ಮಗನೂ ಕಂಡ. ಆ ದಿನ ಅಲ್ಲಿ ಸಾಲುಗಟ್ಟಿ ನಿಂತ ಕ್ಯಾಮರಾಗಳಲ್ಲಿ ಪತ್ರಿಕೆಯವರದಷ್ಟೇ ಅಲ್ಲ, ಆ ವಿಮಾನ ಹಾರಿಸಿದ ನಿವೃತ್ತರ, ಅವರ ಮನೆಯವರ ಕ್ಯಾಮರಾಗಳೂ ಇದ್ದವು. ಮರುದಿನ ಆಕಾಶದಲ್ಲಿ ಅದು ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಚಂಡೀಗಢ ದೂರವೆನಿಸಿದರೆ ನಮ್ಮ ರಾಜ್ಯಕ್ಕೇ ಬನ್ನಿ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ವಿ.ಎಂ. ಘಾಟಗೆಯವರ ತಂಡ ರೂಪಿಸಿದ ‘ಕಿರಣ್’ ಎಂಬ ಜೆಟ್ ತರಬೇತಿ ವಿಮಾನ 1964ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು. ಗುರು, ಶಿಷ್ಯ ಇಬ್ಬರೂ ಅಕ್ಕಪಕ್ಕ ಕುಳಿತು ಹಾರಿಸುವ ವಿಮಾನ ಅದು. ಇದೇ ಕಿರಣ್‌ಗಳಿಂದ 1996ರಲ್ಲಿ ಬೀದರ್ ವಾಯುನೆಲೆಯಲ್ಲಿ ‘ಸೂರ್ಯಕಿರಣ್’ ಎಂಬ ಪ್ರದರ್ಶನ ತಂಡ ಕಟ್ಟಿದರು. ಕೆಂಪು ಬಿಳುಪಿನ 9 ವಿಮಾನಗಳು ಒಂದಕ್ಕೊಂದು ಅಂಟಿದಂತೆ ಹಾರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. 2011ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಆ ತಂಡ ಕಿರಣ್‌ಗಳೊಂದಿಗೆ ಕೊನೆಯ ಪ್ರದರ್ಶನ ನೀಡಿತು. ಹೊಸಬರಿಗೆ ಹಾರಾಟ ಕಲಿಸಲು ವಿಮಾನ ಸಾಲದೆ ಹೋದ ಕಾರಣ ಅವುಗಳನ್ನು ತರಬೇತಿಗೆ ಕಳಿಸಲಾಯಿತು. ತಂಡ ಮತ್ತೆ ಎದ್ದು ನಿಂತದ್ದು 2015ರಲ್ಲಿ, ಹಾಕ್ ಎಂಬ ಬೇರೆ ವಿಮಾನದೊಂದಿಗೆ. ಆ 9 ಕಿರಣ್‌ಗಳ ಸಾಲು ಈಗ ಉಳಿದಿರುವುದು ಅಂದು ಜನ ತೆಗೆದ ಚಿತ್ರಗಳಲ್ಲಿ ಮಾತ್ರ.

ಅದಕ್ಕೂ ಹಿಂದಿನದು ‘ಮಾರುತ್’. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಯುದ್ಧವಿಮಾನ. 1961ರ ಜೂನ್ 17ರಂದು ಮೊದಲ ಹಾರಾಟ. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ಸಿಗಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿತು. ಒಟ್ಟು 147 ತಯಾರಾದವು, 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು. ಇವತ್ತು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ನಿಂತಿದೆ. ಮಕ್ಕಳು ಅದರ ಮುಂದೆ ನಿಂತು ಐಸ್‌ಕ್ರೀಮ್ ತಿನ್ನುತ್ತಾರೆ. ಇದನ್ನು ನಮ್ಮ ಪಕ್ಕದ ಊರಿನ ಕೈಗಳೇ ಮಾಡಿದ್ದು ಎಂದು ಅವರಿಗೆ ಹೇಳುವವರು ಕಡಿಮೆ.

ಹಳೆಯ ವಿಮಾನ ಒಬ್ಬ ಹುಡುಗನ ಬದುಕನ್ನು ತಿರುಗಿಸಬಲ್ಲದೇ? ಎ.ಪಿ.ಜೆ. ಅಬ್ದುಲ್ ಕಲಾಮ್ ಅವರನ್ನು ನೆನಪಿಸಿಕೊಳ್ಳಿ. ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೇವೆಯಿಂದ ಇಳಿಸಿದ ಎರಡು ವಿಮಾನಗಳನ್ನು ಪಾಠಕ್ಕಾಗಿ ಇಟ್ಟಿದ್ದರು. ಬೇರೆ ವಿದ್ಯಾರ್ಥಿಗಳು ಹಾಸ್ಟೆಲಿಗೆ ಹೋದ ಮೇಲೂ ತಾವು ಅವುಗಳ ಬಳಿ ಕುಳಿತಿರುತ್ತಿದ್ದುದಾಗಿ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗುಜರಿ ಎನಿಸುವ ಎರಡು ವಿಮಾನಗಳು! ಆ ಕಾಲೇಜಿಗೆ ಸೇರಲು ಹಣವಿಲ್ಲದಾಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರ ಒತ್ತೆಯಿಟ್ಟರು. ಓದು ಮುಗಿಸಿ ಕಲಾಮ್ ತರಬೇತಿಗೆ ಬಂದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೇ. ವಾಯುಪಡೆಯ ಪೈಲಟ್ ಆಗಬೇಕೆಂಬ ಅವರ ಆಸೆ ಈಡೇರಲಿಲ್ಲ. ಆದರೆ 2006ರ ಜೂನ್‌ನಲ್ಲಿ ರಾಷ್ಟ್ರಪತಿಯಾಗಿದ್ದಾಗ ಪುಣೆಯಲ್ಲಿ ಸುಖೋಯ್ ವಿಮಾನದಲ್ಲಿ ಹಾರಿದರು. ಪ್ರತಿ ಹುಡುಗನೂ ಕಲಾಮ್ ಆಗುವುದಿಲ್ಲ, ನಿಜ. ಆದರೆ ಒಂದು ಹಳೆಯ ಯಂತ್ರದ ಮುಂದೆ ಗಂಟೆಗಟ್ಟಲೆ ನಿಲ್ಲಬಲ್ಲ ಮಗುವಿನಲ್ಲಿ ತಾಳ್ಮೆ ಇದೆ, ಕುತೂಹಲ ಇದೆ. ಅವೆರಡನ್ನೂ ಅಂಗಡಿಯಲ್ಲಿ ಕೊಳ್ಳಲಾಗದು.

ಇದು ಗಂಡುಮಕ್ಕಳ ಹುಚ್ಚು ಮಾತ್ರ ಎಂದೂ ತಿಳಿಯಬೇಡಿ. 2016ರಲ್ಲಿ ನಮ್ಮ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು ವಾಯುಪಡೆ ಸೇರಿದರು. ಹಾಕ್ ವಿಮಾನದಲ್ಲಿ ಅವರ ತರಬೇತಿ ನಡೆದದ್ದು ಬೀದರ್‌ನಲ್ಲಿ. ಅವರಲ್ಲೊಬ್ಬರಾದ ಅವನಿ ಚತುರ್ವೇದಿ 2018ರ ಫೆಬ್ರವರಿಯಲ್ಲಿ ಒಬ್ಬರೇ ಹಾರಿಸಿದ್ದು ಇದೇ ಮುದಿ ಮಿಗ್-21 ಅನ್ನು. ಅಣ್ಣನ ಕ್ಯಾಮರಾವನ್ನು ತಂಗಿ ಕೇಳಿದರೆ ಕೊಡಿಸಿ.

ಇನ್ನು ತಾಯಿಯ ಪ್ರಶ್ನೆ. ಅಪಾಯವಿದೆಯೇ? ಗೋಡೆಯ ಪಕ್ಕ ನಿಂತರೆ ಇದೆ. ಇದನ್ನು ಮೆದುವಾಗಿ ಹೇಳುವಂತಿಲ್ಲ.

ಗ್ರೀಸ್ ದೇಶದಲ್ಲಿ 2001ರ ನವೆಂಬರ್‌ನಲ್ಲಿ ನಡೆದದ್ದನ್ನು ಕೇಳಿ. ವಿಮಾನ ನೋಡುವ ಹವ್ಯಾಸದ 12 ಬ್ರಿಟಿಷರು, ಇಬ್ಬರು ಡಚ್ಚರು ಕಲಮಾಟಾ ಎಂಬ ವಾಯುನೆಲೆಗೆ ಹೋಗಿದ್ದರು. ಅಂದು ಅಲ್ಲಿ ಸಾರ್ವಜನಿಕರಿಗೂ ಪ್ರವೇಶವಿತ್ತು. ಇವರು ವಿಮಾನಗಳ ಮೇಲಿನ ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. ಆ ಹವ್ಯಾಸದ ಜನ ಮಾಡುವುದೇ ಅದು: ಯಾವ ನಂಬರಿನ ವಿಮಾನ, ಯಾವ ದಿನ, ಎಲ್ಲಿತ್ತು ಎಂದು ದಾಖಲಿಸುವುದು. ಆದರೆ ಅಲ್ಲಿನ ಪೊಲೀಸರಿಗೆ ಅದು ಗೂಢಚಾರಿಕೆಯಾಗಿ ಕಂಡಿತು. ಎಲ್ಲರನ್ನೂ ಬಂಧಿಸಿದರು. ತಂಡದ ಮುಖ್ಯಸ್ಥನ ಜೊತೆ ಬಂದಿದ್ದ ಅವನ ಹೆಂಡತಿಗೆ ವಿಮಾನಗಳಲ್ಲಿ ಆಸಕ್ತಿಯೇ ಇರಲಿಲ್ಲ, ಆಕೆಯೂ ಜೈಲು ಸೇರಿದಳು. ಐದು ವಾರ ಜೈಲಿನಲ್ಲಿದ್ದ ಮೇಲೆ ಜಾಮೀನು ಸಿಕ್ಕಿತು. 2002ರ ಏಪ್ರಿಲ್‌ನಲ್ಲಿ 8 ಮಂದಿಗೆ 3 ವರ್ಷ ಶಿಕ್ಷೆಯಾಯಿತು. ಕೊನೆಗೆ ಅದೇ ವರ್ಷದ ನವೆಂಬರ್‌ನಲ್ಲಿ ಮೇಲಿನ ಕೋರ್ಟು ಬಿಡುಗಡೆ ಮಾಡಿತು. ನಿರಪರಾಧಿಗಳೆಂದು ಸಾಬೀತಾಗುವಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು.

ನಮ್ಮಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ. ಅದರ ಪ್ರಕಾರ ವಾಯುನೆಲೆ ನಿಷೇಧಿತ ಸ್ಥಳ. ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶದಿಂದ ಅಂಥ ಸ್ಥಳದ ಹತ್ತಿರ ಹೋಗುವುದು, ನಕ್ಷೆ, ಟಿಪ್ಪಣಿ ಮಾಡುವುದು ಅಪರಾಧ. ರಕ್ಷಣೆಗೆ ಸಂಬಂಧಿಸಿದ ಪ್ರಕರಣವಾದರೆ 14 ವರ್ಷದವರೆಗೆ ಶಿಕ್ಷೆ. ನನ್ನ ಉದ್ದೇಶ ಒಳ್ಳೆಯದಿತ್ತು ಎನ್ನಬಹುದು. ಆದರೆ ಸನ್ನಿವೇಶ ನೋಡಿಯೂ ಉದ್ದೇಶವನ್ನು ಊಹಿಸಲು ಆ ಕಾಯ್ದೆ ಅವಕಾಶ ಕೊಡುತ್ತದೆ. ನಿಯ್ಯತ್ತು ಅಲ್ಲಾಹನಿಗೆ ಗೊತ್ತು. ಕಾವಲುಗಾರನಿಗೆ ಕಾಣುವುದು ಗೋಡೆಯಾಚೆ ಚಾಚಿದ ಕ್ಯಾಮರಾ ಮಾತ್ರ.

ನಮ್ಮ ತಾಯಂದಿರಿಗೆ ಇನ್ನೊಂದು ಆತಂಕವೂ ಇದೆ. ಮಗನ ಹೆಸರು ಕೇಳಿದ ಮೇಲೆ ವಿಚಾರಣೆ ಹೆಚ್ಚು ಹೊತ್ತು ನಡೆಯುತ್ತದೇನೋ ಎಂಬ ಆತಂಕ. ಅದನ್ನು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಹೆದರಿ ಮಗನ ಆಸಕ್ತಿಯನ್ನೇ ಹೊಸಕಿ ಹಾಕುವುದು ಪರಿಹಾರವಲ್ಲ. ಗೋಡೆಯ ಬಳಿಯಿಂದ ಬಾಗಿಲ ಬಳಿಗೆ ಅವನನ್ನು ಕರೆತನ್ನಿ. ಟಿಕೆಟ್ ಕೊಂಡು ಸಾಲಿನಲ್ಲಿ ನಿಂತು ಒಳಗೆ ಹೋದವನು ಯಾರಿಗೂ ಅಂಜಬೇಕಿಲ್ಲ.

ಬಾಗಿಲುಗಳು ಇವೆ. ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲೂ ನಡೆಯಿತು. ಸಾರ್ವಜನಿಕರಿಗೆ ಟಿಕೆಟ್ ಮೂಲಕ ಪ್ರವೇಶವಿರುತ್ತದೆ. ಟಿಕೆಟ್ ಅಗ್ಗವಲ್ಲ, ಮೊದಲೇ ಕೂಡಿಡಬೇಕು. ಎಚ್‌ಎಎಲ್‌ನವರು 2001ರಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕಿರಣ್, ಮಿಗ್-21 ಎಲ್ಲವನ್ನೂ ಕೈಗೆಟಕುವ ದೂರದಲ್ಲಿ ನೋಡಬಹುದು. ರಾಮನಗರ, ಚನ್ನಪಟ್ಟಣದವರು ಬೆಳಗಿನ ರೈಲು ಹತ್ತಿದರೆ, ಕನಕಪುರ, ಮಾಗಡಿಯವರು ಬಸ್ಸು ಹಿಡಿದರೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಮೊದಲ ಸಲ ಮನೆಮಂದಿಯೆಲ್ಲ ಹೋಗಿ.

ಮಗನಿಗೆ ಮೂರು ಶರತ್ತು ಹಾಕಿ. ಫೋಟೋ ಬೇಡ ಎಂದು ಬರೆದಲ್ಲಿ ಕ್ಯಾಮರಾ ಚೀಲದಲ್ಲೇ ಇರಬೇಕು. ಯಾರಾದರೂ ಪ್ರಶ್ನಿಸಿದರೆ ವಾದ ಮಾಡದೆ ಗುರುತಿನ ಚೀಟಿ ತೋರಿಸಬೇಕು. ಗೋಡೆ ಹತ್ತುವುದು, ಮರ ಹತ್ತುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ.

ತಡ ಮಾಡುವುದೂ ಬೇಡ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಜಾಗ್ವಾರ್ ವಿಮಾನಗಳಿಗೂ ಈಗ ವಯಸ್ಸಾಗಿದೆ. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ತಮ್ಮ ಜಾಗ್ವಾರ್‌ಗಳನ್ನು ನಿವೃತ್ತಿಗೊಳಿಸಿದವು. ಈಗ ಪ್ರಪಂಚದಲ್ಲಿ ಅವುಗಳನ್ನು ಹಾರಿಸುತ್ತಿರುವುದು ಭಾರತವೊಂದೇ.

ಒಂದು ಮಾತನ್ನು ಮಗನಿಗೆ ಕೂರಿಸಿಕೊಂಡು ಹೇಳಬೇಕು. ಯುದ್ಧವಿಮಾನ ನೋಡಲು ಚೆಂದ, ಆದರೆ ಅದು ಆಟಿಕೆಯಲ್ಲ. ಮಿಗ್ ವಿಮಾನಗಳ ಅಪಘಾತಗಳಲ್ಲಿ 171 ಪೈಲಟ್‌ಗಳು, 39 ನಾಗರಿಕರು ಸತ್ತಿದ್ದಾರೆಂದು ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿಯವರು 2012ರಲ್ಲಿ ಸಂಸತ್ತಿಗೆ ತಿಳಿಸಿದ್ದರು. ಬೀದರ್ ಹತ್ತಿರ ಸೂರ್ಯಕಿರಣ್ ತಂಡದ ಇಬ್ಬರು ಪೈಲಟ್‌ಗಳು 2006ರಲ್ಲಿ, ಒಬ್ಬರು 2009ರಲ್ಲಿ ಪ್ರಾಣ ಬಿಟ್ಟರು. ಪ್ರತಿಯೊಬ್ಬರಿಗೂ ಬಾಗಿಲಲ್ಲಿ ಕಾದು ಕುಳಿತ ತಾಯಿಯೋ ಹೆಂಡತಿಯೋ ಇದ್ದಿರಬೇಕು. ಯುದ್ಧದಲ್ಲಿ ಆ ವಿಮಾನಗಳ ಕೆಳಗೆ ಇದ್ದವರಿಗೂ ತಾಯಂದಿರಿದ್ದರು. ಇದೆಲ್ಲ ತಿಳಿದು ತೆಗೆದ ಚಿತ್ರವೇ ಬೇರೆ, ತಿಳಿಯದೆ ತೆಗೆದ ಚಿತ್ರವೇ ಬೇರೆ. ತಿಳಿದವನು ರೆಕ್ಕೆಯ ಹೊಳಪನ್ನಷ್ಟೇ ಅಲ್ಲ, ಅದರ ಪಕ್ಕದಲ್ಲಿ ಎಣ್ಣೆ ಕೈಯಲ್ಲಿ ನಿಂತ ಮೆಕ್ಯಾನಿಕ್‌ನ ಮುಖವನ್ನೂ ನೋಡುತ್ತಾನೆ.

ಮುಂದಿನ ಪ್ರದರ್ಶನ ಬರುವವರೆಗೆ ಅವನ ಕ್ಯಾಮರಾ ಸುಮ್ಮನಿರಬೇಕಿಲ್ಲ. ನಮ್ಮ ಸೀಮೆಯಲ್ಲಿ ನಿವೃತ್ತಿಯ ಅಂಚಿನಲ್ಲಿರುವುದು ವಿಮಾನ ಮಾತ್ರವೇ? ರಾಮನಗರದಲ್ಲಿ ಎಷ್ಟೋ ನಮ್ಮ ಮನೆಗಳ ಅನ್ನ ರೇಷ್ಮೆ ನೂಲು ಬಿಚ್ಚುವ ಚರಕದಿಂದ ಬಂದದ್ದು. ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ಹುಡುಕುತ್ತಿದ್ದ ಹೆಂಗಸರ ಜಾಗಕ್ಕೆ ಸ್ವಯಂಚಾಲಿತ ಯಂತ್ರಗಳು ಬರುತ್ತಿವೆ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಏರಿಸುವ ಹಿರಿಯರ ಕೈಗಳು ನಡುಗತೊಡಗಿವೆ. ಇವರ ಫೋಟೋ ತೆಗೆಯಲು ಟಿಕೆಟ್ ಬೇಕಿಲ್ಲ, ಸಲಾಂ ಹೇಳಿ ಒಪ್ಪಿಗೆ ಕೇಳಿದರೆ ಸಾಕು.

ತೆಗೆದ ಪ್ರತಿ ಚಿತ್ರದ ಜೊತೆಗೆ ನಾಲ್ಕು ವಿಷಯ ಬರೆದಿಡಲು ಮಕ್ಕಳಿಗೆ ಕಲಿಸಿ: ಇದು ಏನು, ಎಲ್ಲಿಯದು, ಯಾವ ದಿನ, ಪಕ್ಕದಲ್ಲಿ ನಿಂತವರು ಯಾರು. ನಮ್ಮ ಎಷ್ಟೋ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ದಾದಿಯ ಪಕ್ಕ ನಿಂತವರು ಯಾರೆಂದು ಹೇಳುವವರೇ ಈಗ ಉಳಿದಿಲ್ಲ. ಹೇಳುವವರು ಇರುವಾಗಲೇ ಕೇಳಿ, ಬರೆದುಕೊಳ್ಳಿ.