ಹದ್ದಿನ ಚಿತ್ರವೂ ಬೆಳಕಿನ ಅಳತೆಯೂ

ಪುಲಿಕೇಶಿನಗರದಿಂದ ಹಲಸೂರು ಕೆರೆಯವರೆಗಿನ ಬಾನಿನಲ್ಲಿ ಹದ್ದು ಸುತ್ತುವುದು ನಿತ್ಯದ ನೋಟ. ಛಾಯಾಗ್ರಾಹಕರಿಗೆ ದೊರೆಯುವುದು ಮಾತ್ರ ಬಹುಮಟ್ಟಿಗೆ ಕರಿಯ ನೆರಳು. ಕ್ಯಾಮೆರಾದ ಮಾಪಕವು ಬೆಳ್ಬಾನನ್ನು ನಡುಬೂದಿಗಿಳಿಸಲು ಬೆಳಕನ್ನು ಕುಗ್ಗಿಸುವುದೇ ಇದಕ್ಕೆ ಕಾರಣ. ಆಗ 1 ಅಥವಾ 1½ ಸ್ಟಾಪ್ ಏರಿಸಬೇಕು. ಬಾನು ಬೆಳ್ಳಗಾದರೆ ಆಗಲಿ, ರೆಕ್ಕೆಯಡಿಯ ಗರಿ ಕಾಣದುದಕ್ಕೆ ಹಕ್ಕಿಯ ಚಿತ್ರವೆಂಬ ಹೆಸರು ಸಲ್ಲದು. ಗರುಡನ ಪಾಡು ಬೇರೆ. ಆ ಕೆಂಗಂದು ಹಕ್ಕಿಯ ತಲೆ, ಎದೆ ಬಿಳಿ. ಕಡುಬಣ್ಣದ ನೀರಿನ ಹಿನ್ನೆಲೆಯಲ್ಲಿ ಮಾಪಕವು ಬೆಳಕನ್ನು ಹೆಚ್ಚಿಸಿ ಆ ಬಿಳುಪಿನ ಗರಿಗೆರೆಗಳನ್ನೇ ಅಳಿಸಿಬಿಡುತ್ತದೆ. ಅಲ್ಲಿ ಕುಗ್ಗಿಸುವುದೇ ವಿವೇಕ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳರ ಫಿಲಂ ಕಾಲದಲ್ಲಿ ತಪ್ಪು ತಿಳಿಯುತ್ತಿದ್ದುದು ಫಿಲಂ ತೊಳೆದ ಮೇಲೆ. ಇಂದು ಪರದೆ ಕಣ್ಣೆದುರೇ ಇದೆ. ಆದರೂ ಲೆಕ್ಕ ಕಲಿಯದೆ, ಮಾಂಸದ ತುಣುಕೆಸೆದು ಹದ್ದನ್ನು ಬಳಿಗೆ ಕರೆಯುವವರುಂಟು. ಬಳಿಗೆ ಬಂದರೂ ಚಿತ್ರ ಕರಿದೇ. ಹಕ್ಕಿ ಮಾತ್ರ ಮನುಷ್ಯನ ಕೈನೋಡುವುದನ್ನು ಕಲಿಯುತ್ತದೆ.