ಹಲಗೆ ಎಷ್ಟು ಬೇಕು?

ಅತ್ತಿಗುಂಡಿಯ ಮೂಲಕ ಬಾಬಾಬುಡನ್‌ಗಿರಿಗೆ ಹೋದವರು ಆ ಕಡೆಯ ಹೋಂಸ್ಟೇಗಳನ್ನು ನೋಡಿರಬಹುದು. ಬಂದವರು ಕಾಫಿ ಕುಡಿಯುತ್ತಾ ಬೆಟ್ಟ ನೋಡಲೆಂದು ಮನೆಮುಂದೆ ಮರದ ಹಲಗೆ ಹಾಸಿದ ಜಗಲಿ ಮಾಡಿಸುವುದುಂಟು. ಡೆಕ್ ಎನ್ನುತ್ತಾರೆ. ಸಾಲ ಮಾಡಿ ಎರಡು ಕೋಣೆ ಕಟ್ಟಿಸಿದ ಕುಟುಂಬಕ್ಕೆ ಇದು ಸಣ್ಣ ಖರ್ಚಲ್ಲ. ಹಲಗೆ ಸಾಲದೆ ಹೋದರೆ ಚಿಕ್ಕಮಗಳೂರಿಗೆ ಮತ್ತೆ ಗಾಡಿ ಇಳಿಸಬೇಕು. ಬಾಡಿಗೆ ಎರಡು ಸಲ, ಬಡಗಿಯ ಕೂಲಿ ಒಂದು ದಿನ ದಂಡ. ಹೆಚ್ಚಾದರೆ ಮಳೆಗಾಲದಲ್ಲಿ ಮೂಲೆಗೆ ಬಿದ್ದು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಿಲ್ಲಿಗೆ ಹೋಗುವ ಮೊದಲು ಕಾಗದ, ಪೆನ್ಸಿಲ್ ಹಿಡಿದು ಕೂರಿ. ಏಳನೇ ತರಗತಿಯ ಮಗಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಲೆಕ್ಕ ಅವಳ ಮಟ್ಟದ್ದೇ.

ಜಗಲಿ 16 ಅಡಿ ಉದ್ದ, 10 ಅಡಿ ಅಗಲ ಎಂದಿಟ್ಟುಕೊಳ್ಳಿ. ಒಟ್ಟು 160 ಚದರ ಅಡಿ. 8 ಅಡಿ ಉದ್ದ, 6 ಇಂಚು ಅಗಲದ ಒಂದು ಹಲಗೆ 4 ಚದರ ಅಡಿ. ಭಾಗಿಸಿದರೆ 40 ಹಲಗೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಲೆಕ್ಕ ತಪ್ಪುವುದೂ ಇಲ್ಲಿಯೇ.

6 ಇಂಚು ಎಂದು ಕೊಯ್ದ ಹಲಗೆಯ ಅಂಚನ್ನು ಕೀಸಿ ನೇರ ಮಾಡಿದಾಗ ಐದೂವರೆ ಇಂಚು ಉಳಿದೀತು. ಎರಡು ಹಲಗೆಗಳ ನಡುವೆ ಕಾಲು ಇಂಚು ಸಂದು ಬಿಡಬೇಕು. ಮರ ಮಳೆಯಲ್ಲಿ ನೀರು ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಸಂದು ಇಲ್ಲದಿದ್ದರೆ ಹಲಗೆಗಳು ಒಂದನ್ನೊಂದು ತಳ್ಳಿ ಮೇಲೇಳುತ್ತವೆ, ನೀರೂ ಇಳಿಯದು. ಅಂದರೆ ಒಂದು ಸಾಲು ಮುಚ್ಚುವುದು 5.75 ಇಂಚು. ಜಗಲಿಯ ಅಗಲ 120 ಇಂಚು, ಭಾಗಿಸಿದರೆ 20.87. ಮುಕ್ಕಾಲು ಸಾಲು ಯಾರೂ ಮಾರುವುದಿಲ್ಲ, 21 ಸಾಲು ಎನ್ನಿ. ಸಾಲಿಗೆ ಎರಡರಂತೆ 42 ಹಲಗೆ. 40 ತಂದಿದ್ದರೆ ಅಂಚಿನಲ್ಲಿ ಐದು ಇಂಚಿನಷ್ಟು ಬಾಯಿ ತೆರೆದುಕೊಂಡಿರುತ್ತಿತ್ತು! ಗಂಟು, ಬಿರುಕು, ತುದಿ ಕತ್ತರಿಸುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿದರೆ 47.

ಮರ ಮಾರುವುದು ಘನ ಅಡಿಯಲ್ಲಿ, ಅಂದರೆ ಸಿಎಫ್‌ಟಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿಟ್ಟು ಗುಣಿಸಿ 144ರಿಂದ ಭಾಗಿಸಿ. ದಪ್ಪ 1 ಇಂಚಾದರೆ ಇಂಥ ಮೂರು ಹಲಗೆಗೆ ಸರಿಯಾಗಿ ಒಂದು ಸಿಎಫ್‌ಟಿ. 47ಕ್ಕೆ ಹದಿನಾರಕ್ಕಿಂತ ತುಸು ಕಡಿಮೆ. ಬಿಲ್ಲು ಕೊಯ್ದ ಅಳತೆಗೋ ಕೀಸಿದ ಅಳತೆಗೋ ಎಂದು ಮೊದಲೇ ಕೇಳಿ, ಸಂಕೋಚ ಬೇಡ.

ದಿಮ್ಮಿಯನ್ನೇ ಕೊಂಡು ಕೊಯ್ಯಿಸುವವರಿಗೆ ಬೇರೆ ಲೆಕ್ಕ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಾರೆ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕದ ಕ್ರಮವಿದು. 4 ಅಡಿ ಸುತ್ತಳತೆಯ 8 ಅಡಿ ದಿಮ್ಮಿ 8 ಸಿಎಫ್‌ಟಿ. ಆದರೆ ಅದರಿಂದ 8 ಸಿಎಫ್‌ಟಿ ಹಲಗೆ ಬರುತ್ತದೆಂದು ನಂಬಬೇಡಿ, ತೊಗಟೆಯ ಪಟ್ಟಿ, ಗರಗಸದ ಹೊಟ್ಟು ಎಲ್ಲ ಕಳೆಯಬೇಕು. ಇನ್ನು, ತೋಟದಲ್ಲೇ ಸಿಲ್ವರ್ ಓಕ್ ಇದೆಯಲ್ಲ ಎನ್ನುವವರಿಗೊಂದು ಮಾತು: ಪ್ಲೈವುಡ್ಡಿಗೆ ಅದು ಒಳ್ಳೆಯದು, ಮಳೆಗೆ ತೆರೆದ ಜಗಲಿಗಲ್ಲ.

ಕೆಳಗಿನ ಜಂತೆಗಳನ್ನು ಮರೆಯಬೇಡಿ. 16 ಇಂಚಿಗೊಂದರಂತೆ 12 ಅಂತರ, ಜಂತೆ ಮಾತ್ರ 13. ಹಲಗೆಗಳು ಕೂಡುವುದು ಏಳನೆಯದರ ಮೇಲೆ. ಅದೊಂದನ್ನು ಅಗಲವಾಗಿ ಕೊಯ್ಯಿಸಿ, ಎರಡು ತುದಿಗಳ ಮೊಳೆಯನ್ನೂ ಅದೇ ಹಿಡಿಯಬೇಕು.